ವೇಗವೊಂದೇ ಸಾಲದು: ಕಬಡ್ಡಿಯ ತರುಣ ದಾಳಿಗಾರನೂ ವಿಜ್ಞಾನವೂ

ಬಾದಾಮಿಗೆ ಸಮೀಪದಲ್ಲಿ, ಮಲಪ್ರಭಾ ನದಿಯ ದಡದಲ್ಲಿರುವ ಚೊಳಚಗುಡ್ಡವು ಬನಶಂಕರಿ ದೇವಿಯ ಜಾತ್ರೆಯಿಂದಾಗಿ ನಾಡಿನಲ್ಲೆಲ್ಲ ಹೆಸರಾದ ಗ್ರಾಮ. ಸುಗ್ಗಿ ಮುಗಿದು ಹೊಲಗಳು ತೆರವಾದ ಮೇಲೆ ಈ ಸೀಮೆಯ ಹಳ್ಳಿಗಳಲ್ಲಿ ಸಂಜೆಯ ಹೊತ್ತು ಕಬಡ್ಡಿಯ ಆಟ ನಡೆಯುವುದು ಅಪರೂಪವಲ್ಲ. ಅಂಥ ಊರಿನ ಹದಿನೇಳು ವರ್ಷದ ತರುಣನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನು ಚುರುಕು ಕಾಲಿನವನು. ಎದುರು ಪಾಳೆಯದೊಳಕ್ಕೆ ಬಾಣದಂತೆ ನುಗ್ಗಿ, ಎಡಮೂಲೆಯವನನ್ನು ಸೋಕಿಸಿ, ಹಿಡಿಯಬಂದವರು ಕೈ ಚಾಚುವಷ್ಟರಲ್ಲಿ ನಡುಗೆರೆಯನ್ನು ಮುಟ್ಟಿಬಿಡುತ್ತಾನೆ. ಮೊದಲನೆಯ ವರ್ಷ ಅವನನ್ನು ತಡೆಯುವವರೇ ಇರುವುದಿಲ್ಲ.

ಎರಡನೆಯ ವರ್ಷ ಕಥೆ ಬದಲಾಗುತ್ತದೆ. ಅದೇ ತರುಣ, ಅದೇ ಓಟ, ಅದೇ ಎಡಮೂಲೆ. ಆದರೆ ಈಗ ಅವನು ಪದೇ ಪದೇ ಸಿಕ್ಕಿಬೀಳುತ್ತಾನೆ. ಕಾಲಿನ ಬಲ ಕುಗ್ಗಿಲ್ಲ, ಉಸಿರು ಕಡಿಮೆಯಾಗಿಲ್ಲ. ಹಾಗಾದರೆ ಆದುದೇನು? ಎದುರಾಳಿಗಳು ಅವನನ್ನು ಓದಿಕೊಂಡಿದ್ದಾರೆ. ಇಂಥ ಸಂದರ್ಭದಲ್ಲಿ ಬಹುಮಂದಿ ತರುಣರು ಇನ್ನೂ ವೇಗವಾಗಿ ಓಡುವುದೇ ಪರಿಹಾರವೆಂದು ಭಾವಿಸುತ್ತಾರೆ. ಅದು ಸರಿಯಾದ ದಾರಿಯಲ್ಲವೆಂಬುದನ್ನು ಭೌತಶಾಸ್ತ್ರ, ಮನಶ್ಶಾಸ್ತ್ರ, ಗಣಿತಶಾಸ್ತ್ರ ಮೂರೂ ತಮ್ಮ ತಮ್ಮ ರೀತಿಯಲ್ಲಿ ತೋರಿಸಿಕೊಡುತ್ತವೆ. ಅದು ಹೇಗೆಂಬುದನ್ನು ಪರಿಶೀಲಿಸೋಣ.

ಅಂಕಣದ ಅಳತೆ

ಮಹಾರಾಷ್ಟ್ರದಲ್ಲಿ ಹುತುತು ಎಂದೂ ತಮಿಳುನಾಡಿನಲ್ಲಿ ಚಡುಗುಡು ಎಂದೂ ಕರೆಸಿಕೊಂಡ ಈ ಆಟವನ್ನು 1936ರ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಜಗತ್ತಿಗೆ ಪ್ರದರ್ಶಿಸಿದರು. 1990ರಲ್ಲಿ ಅದು ಬೀಜಿಂಗಿನ ಏಷ್ಯನ್ ಕ್ರೀಡಾಕೂಟವನ್ನು ಸೇರಿತು. ನಮ್ಮ ನಾಡಿನ ಬಿ. ಸಿ. ರಮೇಶ್, ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಮೊದಲಾದವರು ಈ ಆಟದಲ್ಲಿ ಅರ್ಜುನ ಪ್ರಶಸ್ತಿಯನ್ನು ಪಡೆದಿದ್ದಾರೆ.

ಪುರುಷರ ಅಂಕಣವು 13 ಮೀಟರು ಉದ್ದ, 10 ಮೀಟರು ಅಗಲ. ನಡುಗೆರೆಯಿಂದ ಹಿಂದಿನ ಗೆರೆಯವರೆಗೆ ಪ್ರತಿಯೊಂದು ಪಾಳೆಯದ ಆಳ 6.5 ಮೀಟರು. ನಡುಗೆರೆಯಿಂದ 3.75 ಮೀಟರು ದೂರದಲ್ಲಿ ಬಾಕ್ ಲೈನ್ ಇದೆ. ಯಾರನ್ನೂ ಸೋಕಿಸದ ದಾಳಿಗಾರನು ಇದನ್ನಾದರೂ ದಾಟಿ ಬರಲೇಬೇಕು. ಅದರಿಂದ ಇನ್ನೊಂದು ಮೀಟರು ಆಚೆಗೆ ಬೋನಸ್ ಗೆರೆ ಇದೆ. ಎದುರಿಗೆ ಆರು ಅಥವಾ ಏಳು ಮಂದಿ ರಕ್ಷಕರಿರುವಾಗ ಒಂದು ಕಾಲನ್ನು ಈ ಗೆರೆಯಾಚೆ ಊರಿ, ಅದೇ ಹೊತ್ತಿಗೆ ಇನ್ನೊಂದು ಕಾಲನ್ನು ನೆಲದಿಂದ ಎತ್ತಿದವನಿಗೆ ಒಂದು ಅಂಕ ದೊರೆಯುತ್ತದೆ. ಇಷ್ಟನ್ನೂ ಅವನು ಒಂದೇ ಉಸಿರಿನಲ್ಲಿ ‘ಕಬಡ್ಡಿ, ಕಬಡ್ಡಿ’ ಎನ್ನುತ್ತ 30 ಸೆಕೆಂಡುಗಳೊಳಗೆ ಮುಗಿಸಬೇಕು.

ಈಗ ನಮ್ಮ ತರುಣನ ಓಟಕ್ಕೆ ಈ ಅಳತೆಗಳನ್ನು ಹೊಂದಿಸಿ ನೋಡೋಣ. ಓಡುವವನನ್ನು ನಿಲ್ಲಿಸುವುದು ಅಂಗಾಲಿಗೂ ನೆಲಕ್ಕೂ ನಡುವಣ ಘರ್ಷಣೆ. ಘರ್ಷಣೆಯ ಗುಣಾಂಕವನ್ನು 0.6 ಎಂದು ಇಟ್ಟುಕೊಂಡರೆ, ಅವನು ಪ್ರತಿ ಸೆಕೆಂಡಿಗೆ ಹೆಚ್ಚೆಂದರೆ ಸೆಕೆಂಡಿಗೆ 5.9 ಮೀಟರಿನಷ್ಟು ವೇಗವನ್ನು ಕಳೆದುಕೊಳ್ಳಬಲ್ಲನು. ಸೆಕೆಂಡಿಗೆ 6 ಮೀಟರು ವೇಗದಿಂದ ನುಗ್ಗಿದವನು ಪೂರ್ಣವಾಗಿ ನಿಲ್ಲಬೇಕಾದರೆ ಸುಮಾರು 3 ಮೀಟರು ಬೇಕು. ಆದರೆ ಬಾಕ್ ಲೈನಿನಿಂದ ಹಿಂದಿನ ಗೆರೆಗೆ ಇರುವ ಅಂತರ 2.75 ಮೀಟರು ಮಾತ್ರ! ವೇಗವನ್ನು ಸೆಕೆಂಡಿಗೆ 4 ಮೀಟರಿಗೆ ಇಳಿಸಿದರೆ ನಿಲ್ಲಲು ಸುಮಾರು 1.4 ಮೀಟರು ಸಾಕು. ನಿಲ್ಲುವ ದೂರವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದೇ ಇದಕ್ಕೆ ಕಾರಣ. ವೇಗ ಇಮ್ಮಡಿಯಾದರೆ ದೂರ ನಾಲ್ಮಡಿಯಾಗುತ್ತದೆ.

ಆದುದರಿಂದ ಪೂರ್ಣ ವೇಗದಿಂದ ಒಳನುಗ್ಗುವವನು ತನ್ನ ದಾರಿಯನ್ನು ತಾನೇ ಮೊದಲೇ ನಿರ್ಧರಿಸಿಬಿಟ್ಟಿರುತ್ತಾನೆ. ನಡುವೆ ಮನಸ್ಸು ಬದಲಾಯಿಸಿದರೂ ದೇಹ ಬದಲಾಗದು. ಹೊಸ ರಕ್ಷಕರು ಅವನ ವೇಗಕ್ಕೆ ಬೆಚ್ಚುತ್ತಾರೆ. ಅನುಭವಿಗಳು ಒಂದೆರಡು ಹೆಜ್ಜೆ ಹಿಂದೆ ಸರಿದು, ಅವನು ತಾನಾಗಿ ಬಂದು ನಿಲ್ಲುವ ಜಾಗದಲ್ಲಿ ಕಾಯುತ್ತಾರೆ.

ರಕ್ಷಕರು ಕಲಿಯುವ ಬಗೆ

ರಕ್ಷಣೆಯ ಹೊಂದಾಣಿಕೆ ಸಾಮಾನ್ಯವಾಗಿ ಹಂತಹಂತವಾಗಿ ನಡೆಯುತ್ತದೆ. ಮೊದಲನೆಯದಾಗಿ, ಏಳು ಮಂದಿಯೂ ಹಿಂದಕ್ಕೆ ಸರಿದು ದಾಳಿಗಾರನಿಗೂ ತಮಗೂ ನಡುವಣ ಅಂತರವನ್ನು ಹೆಚ್ಚಿಸಿಕೊಳ್ಳುತ್ತಾರೆ. ಎರಡನೆಯದಾಗಿ, ಅವನಿಗೆ ಪ್ರಿಯವಾದ ಪಕ್ಕವನ್ನು ಬಿಗಿಮಾಡುತ್ತಾರೆ. ಎಡಮೂಲೆಯ ಕಾರ್ನರ್ ಆಟಗಾರನ ನೆರವಿಗೆ ಕವರ್ ಆಟಗಾರನು ಅರ್ಧ ಹೆಜ್ಜೆ ಮುಂಚಿತವಾಗಿಯೇ ಹೊರಡುತ್ತಾನೆ. ಮೂರನೆಯದಾಗಿ, ಬಲೆ ಒಡ್ಡುತ್ತಾರೆ. ಒಬ್ಬನು ಬೇಕೆಂದೇ ಕಾಲನ್ನು ಮುಂದಿಟ್ಟು ಆಸೆ ತೋರಿಸುತ್ತಾನೆ; ದಾಳಿಗಾರನು ಅದಕ್ಕೆ ಬಾಗಿದ ಕ್ಷಣದಲ್ಲಿ ಕೈಕೈ ಹಿಡಿದ ಸರಪಳಿಯು ಅವನ ಬೆನ್ನ ಹಿಂದಿನಿಂದ ಸುತ್ತಿಕೊಳ್ಳುತ್ತದೆ.

ಗಮನಿಸಬೇಕಾದ ಸಂಗತಿಯೊಂದಿದೆ. ಏಳು ಮಂದಿ ಹಿಂದೆ ಸರಿದರೆ ಬೋನಸ್ ಗೆರೆಗೆ ಹೋಗುವ ದಾರಿ ಸುಲಭವಾಗುತ್ತದೆ. ಎಡಪಕ್ಕ ಬಿಗಿಯಾದರೆ ಬಲಪಕ್ಕ ಸಡಿಲವಾಗಲೇಬೇಕು. ಸರಪಳಿ ಮುಂದೆ ಬಂದರೆ ಅದರ ಹಿಂದೆ ತೆರವು ಉಂಟಾಗುತ್ತದೆ. ಏಳು ಮಂದಿ ಎಲ್ಲ ಕಡೆಯನ್ನೂ ಒಂದೇ ಸಮನಾಗಿ ಕಾಯುವುದು ಸಾಧ್ಯವಿಲ್ಲ. ರಕ್ಷಣೆಯು ಒಂದು ಬಾಗಿಲನ್ನು ಮುಚ್ಚಿದಾಗಲೆಲ್ಲ ಇನ್ನೊಂದು ಸ್ವಲ್ಪವಾದರೂ ತೆರೆದುಕೊಳ್ಳುತ್ತದೆ. ಆ ಇನ್ನೊಂದನ್ನು ಕಾಣುವ ಕಣ್ಣೂ ಅದರಲ್ಲಿ ಹೊಗುವ ಅಭ್ಯಾಸವೂ ತರುಣನಿಗೆ ಇವೆಯೇ ಎಂಬುದೇ ಪ್ರಶ್ನೆ.

ಆಯ್ಕೆಯ ಬೆಲೆ

1952ರಲ್ಲಿ ಇಂಗ್ಲೆಂಡಿನ ಡಬ್ಲ್ಯು. ಇ. ಹಿಕ್ ಎಂಬ ಮನಶ್ಶಾಸ್ತ್ರಜ್ಞನು ಒಂದು ಸರಳವಾದ ಪ್ರಯೋಗವನ್ನು ಪ್ರಕಟಿಸಿದನು. ಹತ್ತು ಪುಟ್ಟ ದೀಪಗಳು, ಹತ್ತು ಬೆರಳುಗಳಿಗೆ ಹತ್ತು ಒತ್ತುಗುಂಡಿಗಳು. ಯಾವ ದೀಪ ಹತ್ತುವುದೋ ಅದಕ್ಕೆ ಸೇರಿದ ಗುಂಡಿಯನ್ನು ಒತ್ತಬೇಕು. ಹತ್ತಬಹುದಾದ ದೀಪಗಳ ಸಂಖ್ಯೆ ಹೆಚ್ಚಿದಂತೆ ಪ್ರತಿಕ್ರಿಯೆಗೆ ತಗಲುವ ಕಾಲವೂ ಹೆಚ್ಚಿತು. ಸಾಧ್ಯತೆಗಳು ಇಮ್ಮಡಿಯಾದಾಗಲೆಲ್ಲ ಕಾಲವು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬೆಳೆಯುವುದೆಂದು ಅವನು ಕಂಡನು.

ಈ ನಿಯಮವನ್ನು ಕಬಡ್ಡಿಯ ಅಂಕಣಕ್ಕೆ ತರೋಣ. ಮುಂದೆ ಆಗುವುದೇನೆಂದು ಖಚಿತವಾಗಿ ತಿಳಿದಿದ್ದರೆ, ಕಣ್ಣಿಗೆ ಕಂಡುದಕ್ಕೆ ಕೈ ಓಗೊಡಲು ಮನುಷ್ಯನಿಗೆ ಸುಮಾರು 0.2 ಸೆಕೆಂಡು ಬೇಕು. ಸಾಧ್ಯತೆಗಳು ಇಮ್ಮಡಿಯಾದಾಗಲೆಲ್ಲ ಇದಕ್ಕೆ 0.15 ಸೆಕೆಂಡು ಕೂಡುವುದೆಂದು ಹಿಡಿಯೋಣ. ಒಂದೇ ಪಟ್ಟು ಬಲ್ಲ ದಾಳಿಗಾರನ ಮುಂದೆ ರಕ್ಷಕನು 0.2 ಸೆಕೆಂಡಿನಲ್ಲಿ ಹೊರಡುತ್ತಾನೆ. ಎರಡು ಪಟ್ಟು ಬಲ್ಲವನ ಮುಂದೆ 0.35, ನಾಲ್ಕು ಬಲ್ಲವನ ಮುಂದೆ 0.5. ಸೆಕೆಂಡಿಗೆ 4 ಮೀಟರು ಚಲಿಸುವ ದಾಳಿಗಾರನು ಆ ಅವಧಿಗಳಲ್ಲಿ ಕ್ರಮವಾಗಿ 0.8, 1.4 ಮತ್ತು 2 ಮೀಟರು ದೂರ ಸಾಗಿರುತ್ತಾನೆ. ಅಂದರೆ ಮೂರು ಹೊಸ ಪಟ್ಟುಗಳನ್ನು ಕಲಿತುದರಿಂದ ಅವನಿಗೆ ಒಂದು ಮೀಟರಿಗಿಂತ ಹೆಚ್ಚಿನ ಮುನ್ನಡೆ ದೊರೆಯಿತು. ಅವನ ಓಟದ ವೇಗ ಎಳ್ಳಷ್ಟೂ ಹೆಚ್ಚಲಿಲ್ಲ!

ಆದರೆ ಇಲ್ಲೊಂದು ನಿಬಂಧನೆಯಿದೆ. ನಾಲ್ಕು ಪಟ್ಟುಗಳೂ ಆರಂಭದಲ್ಲಿ ಒಂದೇ ತೆರನಾಗಿ ಕಾಣಬೇಕು. ಎಡಕ್ಕೆ ಹೋಗುವಾಗ ತಲೆ ತಗ್ಗಿಸುವುದು, ಬೋನಸಿಗೆ ಹೊರಡುವಾಗ ಕೈ ಬೀಸುವುದು, ಇಂಥ ಚಾಳಿಗಳಿದ್ದರೆ ರಕ್ಷಕನಿಗೆ ಮತ್ತೆ ಒಂದೇ ಸಾಧ್ಯತೆ ಉಳಿಯುತ್ತದೆ. ಎರಡು ದಾರಿಗಳು ಒಂದೇ ಹೆಜ್ಜೆಯಿಂದ ಕವಲೊಡೆದಾಗ ಮಾತ್ರ ನೋಡುವವನಿಗೆ ಸಂದೇಹ ಹುಟ್ಟುತ್ತದೆ.

ಹುಸಿ ಹೆಜ್ಜೆಯ ರಹಸ್ಯ

ಒಂದು ಸಂಜ್ಞೆಗೆ ಉತ್ತರ ಕೊಡಲು ಮನಸ್ಸು ತೊಡಗಿರುವಾಗ ಬೆನ್ನಿಗೇ ಎರಡನೆಯ ಸಂಜ್ಞೆ ಬಂದರೆ, ಅದಕ್ಕೆ ಉತ್ತರ ತಡವಾಗುತ್ತದೆ. ಇದನ್ನು 1931ರಲ್ಲಿ ಅಮೆರಿಕದ ಟೆಲ್ಫರ್ಡ್ ಎಂಬುವನು ತೋರಿಸಿಕೊಟ್ಟನು. ಮೊದಲನೆಯ ಕೆಲಸ ತೀರುವ ತನಕ ಎರಡನೆಯದು ಬಾಗಿಲಲ್ಲಿ ಕಾಯಬೇಕಾಗುತ್ತದೆ. ಹುಸಿ ಹೆಜ್ಜೆಯ ಶಕ್ತಿಯೆಲ್ಲ ಇದರಲ್ಲೇ ಇದೆ. ಎಡಕ್ಕೆಂದು ತೋರಿಸಿ ಬಲಕ್ಕೆ ತಿರುಗಿದಾಗ, ರಕ್ಷಕನು ಮೊದಲು ಎಡದ ಉತ್ತರವನ್ನು ಮುಗಿಸಿ ಆಮೇಲೆ ಬಲದ ಕಡೆಗೆ ಹೊರಡಬೇಕು.

ಎರಡು ಚಲನೆಗಳ ನಡುವಣ ಅಂತರ ಸೂಕ್ಷ್ಮವಾದುದು. ತೀರ ಬೇಗ ತಿರುಗಿದರೆ ರಕ್ಷಕನು ಹುಸಿಯನ್ನು ಗಮನಿಸಿಯೇ ಇರುವುದಿಲ್ಲ. ತೀರ ನಿಧಾನಿಸಿದರೆ ಅವನು ಸುಧಾರಿಸಿಕೊಂಡುಬಿಡುತ್ತಾನೆ. ಒಂದು ಸೆಕೆಂಡಿನ ಹತ್ತರಲ್ಲಿ ಎರಡು ಮೂರು ಪಾಲಿನೊಳಗಿನ ಆ ಗಳಿಗೆಯನ್ನು ಹಿಡಿಯುವುದು ಅಭ್ಯಾಸದಿಂದಷ್ಟೇ ಸಾಧ್ಯ.

ರಕ್ಷಕರ ಕಡೆಗೂ ಒಂದು ಉಪಾಯವಿದೆ. ನಿಪುಣರಾದವರು ದಾಳಿಗಾರನ ಕಣ್ಣನ್ನಾಗಲಿ ಕೈಯನ್ನಾಗಲಿ ನಂಬದೆ ಸೊಂಟವನ್ನು ನೋಡುತ್ತಾರೆ. ದೇಹದ ಗುರುತ್ವ ಕೇಂದ್ರವು ಇರುವುದು ಸೊಂಟದ ಸಮೀಪದಲ್ಲಿ. ಅದನ್ನು ಬಲಕ್ಕೆ ಸಾಗಿಸಬೇಕಾದರೆ ಎಡಗಾಲು ನೆಲವನ್ನು ಎಡಕ್ಕೆ ಒತ್ತಲೇಬೇಕು. ನ್ಯೂಟನ್ನನ ಮೂರನೆಯ ನಿಯಮದಿಂದ ಯಾರಿಗೂ ವಿನಾಯಿತಿಯಿಲ್ಲ. ತಲೆ, ಭುಜ, ಕೈಗಳು ಸುಳ್ಳು ಹೇಳಬಹುದು. ಸೊಂಟ ಸುಳ್ಳು ಹೇಳುವುದು ಬಹು ಕಷ್ಟ. ಆದುದರಿಂದ ತರುಣ ದಾಳಿಗಾರನು ಕೇವಲ ಕೈಯಾಡಿಸುವ ಹುಸಿಯನ್ನು ಬಿಟ್ಟು, ಮೊಣಕಾಲು ಬಾಗಿಸಿ, ಗುರುತ್ವ ಕೇಂದ್ರವನ್ನು ತಗ್ಗಿಸಿ, ಪುಟ್ಟ ಪುಟ್ಟ ಹೆಜ್ಜೆಗಳಿಂದ ನಿಜವಾಗಿಯೂ ಭಾರವನ್ನು ಪಕ್ಕಕ್ಕೆ ಸರಿಸಿ ಮರಳಿ ತರುವುದನ್ನು ಕಲಿಯಬೇಕು. ಪುಟ್ಟ ಹೆಜ್ಜೆ ಇಡುವವನ ಪಾದ ಹೆಚ್ಚು ಸಲ ನೆಲವನ್ನು ಮುಟ್ಟುತ್ತದೆ. ಪ್ರತಿ ಸಲ ಮುಟ್ಟಿದಾಗಲೂ ದಿಕ್ಕು ಬದಲಾಯಿಸುವ ಅವಕಾಶವೊಂದು ದೊರೆಯುತ್ತದೆ.

ದುರ್ಬಲ ಪಟ್ಟಿನ ಲಾಭ

‘ನನ್ನ ಎಡಪಟ್ಟು ಬಲವಾದುದು, ಬಲಪಟ್ಟು ದುರ್ಬಲ, ದುರ್ಬಲವಾದುದನ್ನು ಏಕೆ ಆಡಬೇಕು?’ ಎಂದು ತರುಣನು ಕೇಳಬಹುದು. ಇದಕ್ಕೆ ಉತ್ತರವನ್ನು ಗಣಿತಜ್ಞನಾದ ಜಾನ್ ವಾನ್ ನಾಯ್ಮನ್ 1928ರಲ್ಲಿ ಪ್ರಕಟಿಸಿದ ಸಿದ್ಧಾಂತದಲ್ಲಿ ಕಾಣಬಹುದು. ಒಂದು ಕಲ್ಪಿತ ಲೆಕ್ಕವನ್ನು ಮಾಡಿ ನೋಡೋಣ.

ರಕ್ಷಕರು ಬಲಕ್ಕೆ ಕಾದಿರುವಾಗ ಅವನು ಎಡಕ್ಕೆ ಹೋದರೆ 100ರಲ್ಲಿ 70 ಸಲ ಗೆಲ್ಲುತ್ತಾನೆ. ಎಡಕ್ಕೇ ಕಾದಿದ್ದರೆ 30 ಸಲ. ಬಲಕ್ಕೆ ಹೋದಾಗ, ರಕ್ಷಕರು ಎಡಕ್ಕೆ ಕಾದಿದ್ದರೆ 60 ಸಲ ಗೆಲುವು. ಬಲಕ್ಕೇ ಕಾದಿದ್ದರೆ 20 ಸಲ ಮಾತ್ರ. ಎರಡು ಸಂದರ್ಭಗಳಲ್ಲೂ ಬಲಪಟ್ಟು ಕೀಳಾದುದೆಂಬುದು ಸ್ಪಷ್ಟ. ಈಗ ಅವನು ಸದಾ ಎಡಕ್ಕೇ ಹೋದರೆ, ರಕ್ಷಕರು ಸದಾ ಎಡಕ್ಕೇ ಕಾಯುತ್ತಾರೆ, ಗೆಲುವು 30. ಆದರೆ ಅವನು ಯಾವ ಕ್ರಮವೂ ತೋರದಂತೆ ಅರ್ಧದಷ್ಟು ಸಲ ಎಡಕ್ಕೂ ಅರ್ಧದಷ್ಟು ಸಲ ಬಲಕ್ಕೂ ಹೋದರೆ? ರಕ್ಷಕರು ಎಡಕ್ಕೆ ಕಾದರೆ 30 ಮತ್ತು 60ರ ಸರಾಸರಿ 45. ಬಲಕ್ಕೆ ಕಾದರೆ 70 ಮತ್ತು 20ರ ಸರಾಸರಿಯೂ 45. ಅವರು ಏನು ಮಾಡಿದರೂ ಅವನಿಗೆ 45 ದೊರೆಯುತ್ತದೆ. ಕೀಳಾದ ಪಟ್ಟನ್ನು ಬೆರೆಸಿದುದರಿಂದಲೇ 30 ಇದ್ದುದು 45 ಆಯಿತು!

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಭ್ಯಾಸದಿಂದ ಬಲಪಟ್ಟನ್ನೂ ಎಡಪಟ್ಟಿಗೆ ಸಮನಾಗಿ, ಎಂದರೆ 70 ಮತ್ತು 30ಕ್ಕೆ, ಏರಿಸಿದನೆನ್ನಿ. ಆಗ ಗೆಲುವು 50. ‘ಯಾವ ಕ್ರಮವೂ ತೋರದಂತೆ’ ಎಂಬ ಮಾತನ್ನು ಮಾತ್ರ ಮರೆಯಬಾರದು. ಒಮ್ಮೆ ಎಡ, ಒಮ್ಮೆ ಬಲ ಎಂದು ಸರದಿ ಹಿಡಿದರೆ ರಕ್ಷಕರು ನಾಲ್ಕೇ ದಾಳಿಗಳಲ್ಲಿ ಅದನ್ನು ಎಣಿಸಿಬಿಡುತ್ತಾರೆ.

ದೊಡ್ಡ ಅಂಕಣದ ನಿದರ್ಶನಗಳು

2014ರಲ್ಲಿ ಆರಂಭವಾದ ಪ್ರೊ ಕಬಡ್ಡಿಯ ಪಂದ್ಯಗಳಲ್ಲಿ ಈ ತತ್ತ್ವಗಳು ಕಣ್ಣಿಗೆ ಕಟ್ಟುವಂತೆ ಕಾಣುತ್ತವೆ. ಪ್ರದೀಪ್ ನರ್ವಾಲ್ ಅವರು ಸರಪಳಿಯ ಕೆಳಗೆ ಮುಳುಗಿ ಹೊರಬರುವ ‘ಡುಬ್ಕಿ’ ಎಂಬ ಪಟ್ಟಿನಿಂದ ಹೆಸರಾದವರು. 2017ರ ಋತುವಿನಲ್ಲಿ ಅವರು ದಾಳಿಯಿಂದಲೇ 369 ಅಂಕ ಗಳಿಸಿದರು. ಆದರೆ ಡುಬ್ಕಿಗೆ ಎದುರಾಳಿಯ ಸರಪಳಿಯೇ ಆಧಾರ. ರಕ್ಷಕರು ಕೈಕೈ ಬಿಟ್ಟು ಬಿಡಿಬಿಡಿಯಾಗಿ ನಿಂತರೆ, ಇಲ್ಲವೆ ತಗ್ಗಿ ತೊಡೆಯನ್ನೇ ಹಿಡಿದರೆ, ಮುಳುಗಲು ದಾರಿಯಿಲ್ಲ. ಆಗ ಬೇರೊಂದು ಪಟ್ಟು ಕೈಯಲ್ಲಿರಬೇಕಾಗುತ್ತದೆ.

ಪವನ್ ಸೆಹ್ರಾವತ್ ಅವರು 2016ರಲ್ಲಿ ಬೆಂಗಳೂರು ಬುಲ್ಸ್ ತಂಡದಲ್ಲಿ ಕಾಣಿಸಿಕೊಂಡು, 2017ರಲ್ಲಿ ಗುಜರಾತ್ ತಂಡಕ್ಕೆ ಹೋಗಿ ಹೆಚ್ಚು ಅವಕಾಶವಿಲ್ಲದೆ ಉಳಿದು, ಮರುವರ್ಷ ಬೆಂಗಳೂರಿಗೆ ಹಿಂತಿರುಗಿದರು. ಆ ಋತುವಿನಲ್ಲಿ 271 ದಾಳಿ ಅಂಕಗಳು, 2019ರ ಜನವರಿ 5ರಂದು ನಡೆದ ಅಂತಿಮ ಪಂದ್ಯವೊಂದರಲ್ಲೇ 22 ಅಂಕಗಳು, ಬೆಂಗಳೂರಿಗೆ ಪ್ರಶಸ್ತಿ. ಅದೇ ವರ್ಷ ಮುಂದಿನ ಋತುವಿನಲ್ಲಿ ಹರಿಯಾಣದ ತಂಡದ ಮೇಲೆ ಒಂದೇ ಪಂದ್ಯದಲ್ಲಿ ಅವರು 39 ದಾಳಿ ಅಂಕಗಳನ್ನು ಪಡೆದರು. ಓಡುತ್ತಲೇ ಕೈ ಸೋಕಿಸುವುದು, ಬೋನಸ್ ಕದಿಯುವುದು, ಹಿಡಿಯಲು ಬಾಗಿದವರ ಮೇಲಿನಿಂದ ಹಾರುವುದು, ಇವೆಲ್ಲವೂ ಅವರಲ್ಲಿ ಕೂಡಿದ್ದವು. ಬಾಗಿ ನಿಂತರೆ ಮೇಲಿನಿಂದ ಹೋಗುವರು, ನೆಟ್ಟಗೆ ನಿಂತರೆ ಸೋಕಿಸಿ ಹೋಗುವರು ಎಂಬ ಸಂದೇಹವೇ ರಕ್ಷಕರ ಕಾಲನ್ನು ಕಟ್ಟಿಹಾಕುತ್ತಿತ್ತು.

ಸಮುದ್ರದಾಚೆಗೂ ಇದೇ ಪಾಠ ಕಾಣುತ್ತದೆ. ಅಮೆರಿಕದ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನು ಚೆಂಡನ್ನು ಸಂಗಡಿಗರಿಗೆ ಎಸೆಯುವವನು. ಕೆಲವರು ತಾವೇ ಹಿಡಿದುಕೊಂಡು ಓಡುವುದರಲ್ಲಿಯೂ ಸಮರ್ಥರು. ಲಮಾರ್ ಜ್ಯಾಕ್‌ಸನ್ ಎಂಬ ತರುಣನು 2019ರ ಋತುವಿನಲ್ಲಿ 1,206 ಗಜ ಓಡಿ, 3,127 ಗಜ ಎಸೆದು, ಅತ್ಯುತ್ತಮ ಆಟಗಾರನೆನಿಸಿದನು. ಇಂಥ ಓಟಗಾರನ ಮೇಲೆ ಕಣ್ಣಿಡಲೆಂದೇ ರಕ್ಷಕನೊಬ್ಬನನ್ನು ಮೀಸಲಿಡುವುದು ಅಲ್ಲಿಯ ರೂಢಿ. 2023ರಲ್ಲಿ ಅವನು ಮತ್ತೆ ಅದೇ ಗೌರವವನ್ನು ಪಡೆದಾಗ ಓಟ 821 ಗಜಕ್ಕೆ ಇಳಿದಿತ್ತು, ಎಸೆತ 3,678 ಗಜಕ್ಕೆ ಏರಿತ್ತು. ಓಡಬಲ್ಲನೆಂಬ ಭಯವನ್ನು ಎದುರಾಳಿಗಳಲ್ಲಿ ಉಳಿಸಿಕೊಂಡೇ ಅವನು ತನ್ನ ಇನ್ನೊಂದು ಕೈಯನ್ನು ಬೆಳೆಸಿಕೊಂಡನು.

ಅಭ್ಯಾಸದ ಕ್ರಮ

ಹಾಗಾದರೆ ಅಭ್ಯಾಸವನ್ನು ಹೇಗೆ ಮಾಡಬೇಕು? ಒಂದೇ ಪಟ್ಟನ್ನು ಐವತ್ತು ಸಲ ಮಾಡಿ, ಆಮೇಲೆ ಎರಡನೆಯದನ್ನು ಐವತ್ತು ಸಲ ಮಾಡುವುದು ಸಾಮಾನ್ಯ ಪದ್ಧತಿ. 1979ರಲ್ಲಿ ಅಮೆರಿಕದ ಶೀ ಮತ್ತು ಮಾರ್ಗನ್ ಎಂಬ ಸಂಶೋಧಕರು ಈ ಪದ್ಧತಿಯನ್ನು ಪರೀಕ್ಷಿಸಿದರು. ಕೈಯಿಂದ ಮಾಡುವ ಮೂರು ಬಗೆಯ ಚಲನೆಗಳನ್ನು ಒಂದು ಗುಂಪಿನವರು ಒಂದೊಂದಾಗಿ ಕಲಿತರು. ಇನ್ನೊಂದು ಗುಂಪಿನವರು ಕಲಸುಮೇಲೋಗರವಾಗಿ ಕಲಿತರು. ಕಲಿಯುವಾಗ ಮೊದಲನೆಯ ಗುಂಪೇ ಮುಂದಿತ್ತು. ಆದರೆ ಹತ್ತು ದಿನಗಳ ನಂತರ ಪರೀಕ್ಷಿಸಿದಾಗ ಬೆರೆಸಿ ಕಲಿತವರೇ ಮೇಲಾದರು. ಪ್ರತಿ ಸಲವೂ ಹೊಸದಾಗಿ ಯೋಚಿಸಬೇಕಾದವನ ಕಲಿಕೆ ಹೆಚ್ಚು ಕಾಲ ನಿಲ್ಲುತ್ತದೆ.

ಆದುದರಿಂದ ಪಟ್ಟಿನ ರೂಪ ಕೈಗೆ ಹತ್ತಿದ ಮೇಲೆ ತರುಣನು ಬೆರಕೆಯ ಅಭ್ಯಾಸಕ್ಕೆ ತೊಡಗಬೇಕು. ಗೆಳೆಯರು ಒಮ್ಮೆ ಹಿಂದೆ ಸರಿದು, ಒಮ್ಮೆ ಎಡಕ್ಕೆ ಬಿಗಿದು, ಒಮ್ಮೆ ಸರಪಳಿ ಕಟ್ಟಿ ನಿಲ್ಲಲಿ. ಹೇಗೆ ನಿಲ್ಲುವರೆಂಬುದು ಅವನಿಗೆ ಮುಂಚಿತವಾಗಿ ತಿಳಿಯದಿರಲಿ. ದಾಳಿಯ 30 ಸೆಕೆಂಡುಗಳಲ್ಲಿ ಮೊದಲಿನ ಹತ್ತನ್ನು ಬರಿಯ ನೋಟಕ್ಕೆ ಮೀಸಲಿಡಲಿ. ಎಷ್ಟು ಮಂದಿ ಇದ್ದಾರೆ, ಬೋನಸ್ ಉಂಟೋ ಇಲ್ಲವೋ, ಯಾರ ಭಾರ ಮುಂಗಾಲಿನ ಮೇಲಿದೆ, ಯಾರ ಕೈ ಯಾರ ಕೈಯಲ್ಲಿದೆ? ಏನೂ ದೊರೆಯದಿದ್ದರೆ ಬಾಕ್ ಲೈನ್ ದಾಟಿ ಬರಿಗೈಯಲ್ಲಿ ಹಿಂತಿರುಗುವುದೂ ಒಂದು ವಿವೇಕವೇ. ಪ್ರತಿ ಪಂದ್ಯದ ಬಳಿಕ ಒಂದು ಪುಸ್ತಕದಲ್ಲಿ ಮೂರು ಸಂಗತಿಗಳನ್ನು ಬರೆದಿಡಲಿ: ರಕ್ಷಕರು ಹೇಗೆ ನಿಂತಿದ್ದರು, ತಾನು ಯಾವ ಪಟ್ಟು ಆಡಿದೆ, ಫಲವೇನಾಯಿತು. ಇಪ್ಪತ್ತು ದಾಳಿಗಳನ್ನು ಬರೆದ ಮೇಲೆ ತನ್ನ ಚಾಳಿ ತನಗೇ ಕಾಣತೊಡಗುತ್ತದೆ. ಎದುರಾಳಿಗಳು ಅದನ್ನು ಈಗಾಗಲೇ ಕಂಡಿದ್ದಾರೆಂಬುದನ್ನು ನೆನಪಿಡಬೇಕು.

ಮೊಣಕಾಲಿನ ರಕ್ಷಣೆ

ಇದು ಕೇವಲ ಅಂಕಗಳ ಮಾತಲ್ಲ. ಪೂರ್ಣ ವೇಗದಲ್ಲಿರುವವನ ಒಂದು ಪಾದವನ್ನು ಹಿಡಿದು ನಿಲ್ಲಿಸಿದಾಗ ಪಾದ ನಿಲ್ಲುತ್ತದೆ, ಮೇಲಿನ ದೇಹ ತನ್ನ ಸಂವೇಗದಿಂದ ಮುಂದೆ ಸಾಗುತ್ತದೆ. ನಡುವೆ ಸಿಕ್ಕ ಮೊಣಕಾಲು ತಿರುಚುತ್ತದೆ. ಮೊಣಕಾಲಿನೊಳಗಿನ ಅಡ್ಡ ಅಸ್ಥಿಬಂಧವು ಹರಿದರೆ ಅದು ಮಾಂಸಖಂಡದ ನೋವಿನಂತೆ ನಾಲ್ಕು ದಿನಗಳಲ್ಲಿ ಮಾಯುವಂಥದಲ್ಲ. ಹಲವು ತಿಂಗಳ ಆಟ, ಕೆಲವೊಮ್ಮೆ ಆಟದ ಬದುಕೇ ಅಲ್ಲಿಗೆ ನಿಲ್ಲಬಹುದು. ಮಸಾರಿ ನೆಲದ ಸಡಿಲ ಮಣ್ಣಿನಲ್ಲಿ ಪಾದ ತುಸು ಜಾರಿ ತಿರುಚನ್ನು ಬಿಟ್ಟುಕೊಡುತ್ತದೆ. ಇಂದಿನ ಮ್ಯಾಟಿನ ಮೇಲೆ ಬೂಟಿನ ಹಿಡಿತ ಬಿಗಿ. ಆ ಹಿಡಿತದಿಂದ ಬೇಗ ನಿಲ್ಲಬಹುದು, ಆದರೆ ಮೊಣಕಾಲಿನ ಮೇಲಣ ಒತ್ತಡವೂ ಹೆಚ್ಚುತ್ತದೆ. ಮಣ್ಣಿನಲ್ಲಿ ಬೆಳೆದ ಆಟಗಾರನು ಮ್ಯಾಟಿಗೆ ಬಂದಾಗ ಕೆಲವು ವಾರಗಳ ಕಾಲ ನಿಲ್ಲುವುದನ್ನೂ ತಿರುಗುವುದನ್ನೂ ಹೊಸದಾಗಿ ಕಲಿಯುವುದು ಲೇಸು. ಆಟಕ್ಕೆ ಮುಂಚೆ ಮೈ ಬಿಸಿಮಾಡಿಕೊಳ್ಳುವುದು, ಹಾರಿ ಇಳಿಯುವಾಗ ಮೊಣಕಾಲು ಬಾಗಿಸಿ, ಅದು ಒಳಮುಖವಾಗಿ ಕುಸಿಯದಂತೆ ನೋಡಿಕೊಳ್ಳುವುದು, ಒಂಟಿಕಾಲಿನ ಸಮತೋಲನದ ವ್ಯಾಯಾಮ, ಇವು ಅಪಾಯವನ್ನು ತಗ್ಗಿಸುತ್ತವೆ. 12 ಮೀಟರು ಉದ್ದ, 8 ಮೀಟರು ಅಗಲದ ಅಂಕಣದಲ್ಲಿ ಆಡುವ ಹೆಣ್ಣುಮಕ್ಕಳಿಗೆ ಈ ಎಚ್ಚರಿಕೆ ಇನ್ನಷ್ಟು ಅಗತ್ಯ. ಈ ಅಸ್ಥಿಬಂಧದ ಗಾಯವು ಅವರಲ್ಲಿ ಹೆಚ್ಚಾಗಿ ಕಂಡುಬರುತ್ತದೆ.

ಮೊದಲ ವರ್ಷದ ಗೆಲುವು ತರುಣನ ಕಾಲಿಗೆ ಸಂದ ಗೌರವ. ಎರಡನೆಯ ವರ್ಷದ ಸೋಲು, ಏಳು ಮಂದಿ ಕುಳಿತು ಅವನ ಆಟವನ್ನು ಅಭ್ಯಸಿಸಿದುದರ ಫಲ. ಅಷ್ಟರ ಮಟ್ಟಿಗೆ ಅದೂ ಗೌರವವೇ. ಅವರು ಕೊಟ್ಟ ಉತ್ತರವನ್ನು ಓದಿ, ವೇಗವನ್ನು ತನ್ನ ಅಂಕೆಯಲ್ಲಿಟ್ಟು, ಒಂದೇ ಹೆಜ್ಜೆಯಿಂದ ಹಲವು ದಾರಿಗಳನ್ನು ತೆರೆಯಲು ಕಲಿತವನಿಗೆ ಮೂರನೆಯ ವರ್ಷವೂ ಉಂಟು, ಹತ್ತನೆಯ ವರ್ಷವೂ ಉಂಟು. ರಕ್ಷಕರು ಮತ್ತೆ ಹೊಂದಿಕೊಳ್ಳುತ್ತಾರೆ. ಅವನು ಮತ್ತೆ ಕಲಿಯಬೇಕಾಗುತ್ತದೆ.